ನಮ್ಮ ಲೆಕ್ಕ, ಬೇರೆಯವರ ಕಪಾಟು

ಡೊಂಬಿವಲಿ ಸ್ಟೇಷನ್ನಿನ ಆಸುಪಾಸಿನ ಉಡುಪಿ ಹೋಟೆಲುಗಳಲ್ಲಿ ಗಲ್ಲೆಯ ಮೇಲೆ ಕೂರುವವರಿಗೆ ಈ ಮಾತು ಹೊಸದಲ್ಲ: "ಶೇಟ್, ಕಾಲ್‌ಚಂ ಫುಟೇಜ್ ಪಾಹಿಜೆ." ನಿನ್ನೆಯ ದೃಶ್ಯ ಬೇಕು. ಯಾರದೋ ಸರ ಕಿತ್ತವನು ಹೋಟೆಲಿನ ಕ್ಯಾಮೆರಾದ ಮುಂದೆಯೇ ಓಡಿರುತ್ತಾನೆ. ಹೆಚ್ಚಿನ ಶೆಟ್ಟರು ಬಂದ ಪೊಲೀಸರಿಗೆ ಚಹಾ ತರಿಸಿ, ಪೆನ್‌ಡ್ರೈವಿಗೆ ಇಳಿಸಿಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಸಹಕರಿಸುವುದು ತಪ್ಪೇನಲ್ಲ. ಆದರೆ ಕೊಡಲೇಬೇಕು ಎನ್ನುವುದಾದರೆ ಕಾನೂನು ಒಂದು ಕಾಗದ ಕೇಳುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನ ಪ್ರಕಾರ ನ್ಯಾಯಾಲಯವಾಗಲಿ ಠಾಣಾಧಿಕಾರಿಯಾಗಲಿ ದಾಖಲೆಯನ್ನು ಲಿಖಿತವಾಗಿಯೇ ಕೇಳಬೇಕು.

ಕ್ಯಾಮೆರಾ ಹೋಟೆಲಿನವರದು, ಅದರಲ್ಲಿ ಬಿದ್ದ ಮುಖ ಗಿರಾಕಿಯದು. ಬ್ಯಾಂಕಿನ ಖಾತೆ ಪುಸ್ತಕ, ಲಾಡ್ಜಿನ ರಿಜಿಸ್ಟರು, ಮೊಬೈಲ್ ಕಂಪನಿಯ ಕರೆಪಟ್ಟಿ, ಎಲ್ಲದರ ಕಥೆಯೂ ಇದೇ. ವ್ಯಾಪಾರದವರು ತಮ್ಮ ಅನುಕೂಲಕ್ಕೆ ಬರೆದಿಟ್ಟದ್ದು ನಿಜ, ಬರೆದಿರುವುದು ಮಾತ್ರ ನಮ್ಮ ಬಗ್ಗೆ. ಅದನ್ನು ಸರ್ಕಾರ ತೆರೆದು ನೋಡಿದರೆ ಹೋದದ್ದು ಯಾರ ಗುಟ್ಟು?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟು ಉತ್ತರ ಹೇಳಿದ್ದು ಕನ್ನಡ ನೆಲದ ಬ್ಯಾಂಕೊಂದರ ಮೊಕದ್ದಮೆಯಲ್ಲಿ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕಟ್ಟಿದ ಕೆನರಾ ಬ್ಯಾಂಕು ಆಂಧ್ರಪ್ರದೇಶದಲ್ಲಿ ಒಂದು ಪೇಚಿಗೆ ಸಿಕ್ಕಿತು. 1899ರ ಮುದ್ರಾಂಕ ಕಾಯಿದೆಗೆ ಆ ರಾಜ್ಯ 1986ರಲ್ಲಿ ತಿದ್ದುಪಡಿ ತಂದಿತ್ತು. ಕಲೆಕ್ಟರು ಅಧಿಕಾರ ಕೊಟ್ಟ ಯಾವ ವ್ಯಕ್ತಿಯಾದರೂ ಬ್ಯಾಂಕಿಗೆ ನುಗ್ಗಿ, ಗಿರಾಕಿಗಳು ಅಡವಿಟ್ಟ ಪತ್ರಗಳನ್ನು ಜಾಲಾಡಿ, ಛಾಪಾ ಸುಂಕ ಕಡಿಮೆ ಕಂಡರೆ ಎತ್ತಿಕೊಂಡು ಹೋಗಬಹುದಿತ್ತು. 2004ರ ನವೆಂಬರಿನಲ್ಲಿ ಕೋರ್ಟು ಅದನ್ನು ರದ್ದು ಮಾಡಿತು. ಖಾಸಗಿತನ ಇರುವುದು ಮನುಷ್ಯನಿಗೆ, ಜಾಗಕ್ಕಲ್ಲ. ಪತ್ರ ಬ್ಯಾಂಕಿನ ಕಪಾಟು ಸೇರಿದ ಮಾತ್ರಕ್ಕೆ ಅದು ಕರಗಿಹೋಗುವುದಿಲ್ಲ ಎಂಬುದು ತೀರ್ಪಿನ ತಿರುಳು. ಅಮೆರಿಕದ ಸುಪ್ರೀಂ ಕೋರ್ಟು 1976ರ ಮಿಲ್ಲರ್ ಮೊಕದ್ದಮೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೇಳಿತ್ತು. ನಮ್ಮ ನ್ಯಾಯಾಧೀಶರು ಅದನ್ನು ಓದಿ ನೋಡಿ, ಒಪ್ಪದೆ ಪಕ್ಕಕ್ಕಿಟ್ಟರು.

ಒಳ್ಳೆಯ ತೀರ್ಪು. ಆದರೆ ಕಪಾಟಿನ ಬೀಗದ ಕೈ ಯಾರ ಜೇಬಿನಲ್ಲಿದೆ ಎಂಬುದು ಬೇರೆಯದೇ ಮಾತು, ಅದು ಠಾಣೆ ನಗರದಲ್ಲಿ ಬಯಲಾಯಿತು. 2018ರ ಆರಂಭದಲ್ಲಿ ಠಾಣೆ ಪೊಲೀಸರ ಅಪರಾಧ ವಿಭಾಗ ಖಾಸಗಿ ಪತ್ತೇದಾರರನ್ನು ಒಬ್ಬರ ಹಿಂದೆ ಒಬ್ಬರಂತೆ ಬಂಧಿಸಿತು. ಜನರ ಸಿಡಿಆರ್ ತರಿಸಿ ಮಾರುತ್ತಿದ್ದರೆಂಬುದು ಆರೋಪ. ಸಿಡಿಆರ್ ಎಂದರೆ ಕರೆಪಟ್ಟಿ: ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರಿನಡಿ. ಆಡಿದ ಮಾತು ಅದರಲ್ಲಿ ಇರುವುದಿಲ್ಲ. ಇರಬೇಕಾಗಿಯೂ ಇಲ್ಲ, ಕಲ್ಯಾಣದಲ್ಲಿ ಮಲಗಿ ವಾಶಿಯಲ್ಲಿ ದುಡಿಯುವವನೊಬ್ಬ ಪ್ರತಿ ಗುರುವಾರ ಎಲ್ಲಿ ಇಳಿಯುತ್ತಾನೆ ಎಂಬುದನ್ನು ಟವರುಗಳೇ ಹೇಳಿಬಿಡುತ್ತವೆ. ಇದೇ ಪ್ರಕರಣದಲ್ಲಿ ಬಂಧಿತರಾದ ವಕೀಲರೊಬ್ಬರನ್ನು ಬಾಂಬೆ ಹೈಕೋರ್ಟು ಆ ಮಾರ್ಚಿನಲ್ಲಿ ಕೂಡಲೇ ಬಿಡಿಸಿತು. ಬಂಧಿಸಿದ ಕ್ರಮವೇ ಸರಿಯಿರಲಿಲ್ಲ. ನಿಯಮ ಮುರಿದವರನ್ನು ಹಿಡಿಯಲು ಹೋದವರೂ ನಿಯಮ ತಪ್ಪಿದ್ದರು!

ಇಂಥ ಕಳವು ಅದೇ ಮೊದಲಲ್ಲ. 2013ರಲ್ಲಿ ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ ಅವರ ಕರೆಪಟ್ಟಿಗೇ ಕನ್ನ ಬಿದ್ದಿತ್ತು. ಸಿಕ್ಕಿಬಿದ್ದವರಲ್ಲಿ ದೆಹಲಿಯ ಪೊಲೀಸ್ ಪೇದೆಯೊಬ್ಬನಿದ್ದ. ಆಮೇಲೆ ಕೇಂದ್ರ ಗೃಹ ಇಲಾಖೆ ಬಿಗಿ ಮಾಡಿತು: ಎಸ್‌ಪಿ ಅಥವಾ ಮೇಲಿನ ದರ್ಜೆಯವರ ಒಪ್ಪಿಗೆಯಿಲ್ಲದೆ ಕಂಪನಿಗಳು ಸಿಡಿಆರ್ ಕೊಡುವಂತಿಲ್ಲ. ಐದು ವರ್ಷದ ನಂತರ ಠಾಣೆಯಲ್ಲಿ ಕಂಡದ್ದು ನೋಡಿದರೆ ದರ್ಜೆ ಏರಿಸಿದ್ದಷ್ಟೇ ಸಾಲಲಿಲ್ಲ.

ಮಾತನ್ನೇ ಕದ್ದು ಕೇಳುವುದಕ್ಕೆ ಇನ್ನೂ ಎತ್ತರದ ಸಹಿ ಬೇಕು. ದೂರವಾಣಿ ಕದ್ದಾಲಿಕೆ ಕರ್ನಾಟಕಕ್ಕೆ ಗೊತ್ತಿರುವ ಸಂಗತಿಯೇ. 1988ರಲ್ಲಿ ರಾಮಕೃಷ್ಣ ಹೆಗಡೆಯವರ ಮುಖ್ಯಮಂತ್ರಿ ಪದವಿ ಹೋದದ್ದು ಅದರಿಂದಲೇ. 1996ರಲ್ಲಿ ಸುಪ್ರೀಂ ಕೋರ್ಟು ಗೃಹ ಕಾರ್ಯದರ್ಶಿಯ ಆದೇಶ, ಎರಡು ತಿಂಗಳ ಗಡುವು, ಪರಿಶೀಲನಾ ಸಮಿತಿ ಎಂಬ ಕಟ್ಟಳೆ ಹಾಕಿತು. ನ್ಯಾಯಾಧೀಶರ ಮುಂಗಡ ಅನುಮತಿ ಬೇಕೆಂಬ ಬೇಡಿಕೆಯನ್ನು ಮಾತ್ರ ಒಪ್ಪಲಿಲ್ಲ. ಇಂದಿಗೂ ಆ ಸಮಿತಿಯಲ್ಲಿ ಕೂರುವವರು ಕಾರ್ಯದರ್ಶಿಗಳೇ. ಬರೆದವರ ಮನೆಯವರೇ ಉತ್ತರಪತ್ರಿಕೆ ತಿದ್ದಿದಂತೆ.

ಗುಪ್ತಚರ ಸಂಸ್ಥೆಗಳ ವಿಷಯದಲ್ಲಿ ನೆಲ ಇನ್ನೂ ಮೆತ್ತಗೆ. 1887ರಲ್ಲಿ ಬ್ರಿಟಿಷರ ಕಾಲದಲ್ಲಿ ಬೇರುಬಿಟ್ಟ ಐಬಿಗೆ ಸಂಸತ್ತು ಮಾಡಿದ ಸ್ವಂತ ಕಾಯಿದೆಯೇ ಇಲ್ಲ. ಅಲ್ಲೇ ದುಡಿದು ನಿವೃತ್ತರಾದ ಮೈಸೂರಿನ ಆರ್.ಎನ್. ಕುಲಕರ್ಣಿ ಇದನ್ನೇ ಪ್ರಶ್ನಿಸಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದ್ದರು. 2018ರ ಡಿಸೆಂಬರ್ 20ರ ಕೇಂದ್ರದ ಆದೇಶದಲ್ಲಿ ಕಂಪ್ಯೂಟರಿನ ಮಾಹಿತಿಯನ್ನು ತಡೆದು ನೋಡಬಲ್ಲ ಹತ್ತು ಸಂಸ್ಥೆಗಳ ಪಟ್ಟಿಯಿದ್ದು, ಅದರಲ್ಲಿ ಮೊದಲ ಹೆಸರು ಐಬಿಯದೇ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದರು. ಇದನ್ನೇ ಹಿಡಿದು ಬಾಂಬೆ ಹೈಕೋರ್ಟು 2019ರ ಅಕ್ಟೋಬರಿನಲ್ಲಿ ಮುಂಬೈ ಉದ್ಯಮಿಯೊಬ್ಬರ ಮೇಲಿನ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದು ಮಾಡಿ, ಧ್ವನಿಮುದ್ರಣ ನಾಶಮಾಡಿ ಎಂದಿತು. ಲಂಚದ ಆರೋಪವಿದ್ದರೂ ಸಾರ್ವಜನಿಕ ಸುರಕ್ಷತೆಗೆ ಕುತ್ತು ಬಂದಿದೆಯೆಂದು ತೋರಿಸಲು ತನಿಖೆಯವರಿಗೆ ಆಗಲಿಲ್ಲ.

ಈಗ ಕಪಾಟುಗಳೆಲ್ಲ ನವಿ ಮುಂಬಯಿಗೆ ಬಂದು ಕೂತಿವೆ. ಐರೋಲಿ, ರಬಾಳೆ, ಮಹಾಪೆಯ ಕಿಟಕಿಯಿಲ್ಲದ ಡೇಟಾ ಸೆಂಟರುಗಳಲ್ಲಿ ಎಷ್ಟೋ ಕಂಪನಿಗಳ ಲೆಕ್ಕಪತ್ರ ಹಗಲಿರುಳು ತಿರುಗುತ್ತಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಕಂಪನಿಗಳನ್ನು ಕಟ್ಟಿಹಾಕುತ್ತದೆ. ಆದರೆ 17ನೇ ಕಲಂ ಪ್ರಕಾರ ಕೇಂದ್ರ ಅಧಿಸೂಚಿಸಿದ ಸರ್ಕಾರಿ ಸಂಸ್ಥೆಗೆ ಅದು ಅನ್ವಯಿಸದು. 2024ರ ಡಿಸೆಂಬರಿನ ದೂರಸಂಪರ್ಕ ನಿಯಮಗಳು ಕದ್ದಾಲಿಕೆಯ ಕಡತಗಳನ್ನು ಆರು ತಿಂಗಳಿಗೊಮ್ಮೆ ನಾಶಮಾಡಲು ಹೇಳುತ್ತವೆ. ಕೇಳಿಸಿಕೊಂಡ ಗುಟ್ಟಿನ ಜೊತೆಗೆ, ಕೇಳಿದ್ದರೆಂಬ ಗುರುತೂ ಅಲ್ಲಿಗೆ ಅಳಿಸಿಹೋಗುತ್ತದೆ.