ಮೂಲಪಾಠವೂ ಮೋಟಾರು ಸೈಕಲ್ಲೂ

ಮೊರಬದ ಗೆಳೆಯರೊಬ್ಬರ ಕೊಟ್ಟಿಗೆಯಲ್ಲಿ ಎರಡನೆಯ ಮಹಾಯುದ್ಧದ ಕಾಲದ, ೪೯೬ ಸಿ.ಸಿ.ಯ ಬಿ.ಎಸ್.ಎ. ಎಂ.೨೦ ಮೋಟಾರು ಸೈಕಲ್ಲೊಂದಿದೆ. ಸೈನ್ಯದ ಹಳೆಯ ಸಾಮಾನಿನ ಹರಾಜಿನಲ್ಲಿ ಅವರ ಅಜ್ಜ ಕೊಂಡದ್ದು. ಈಚೆಗೆ ಕೊಳ್ಳಬಂದವನೊಬ್ಬ, ಇಂಜಿನ್ನಿನ ಸಂಖ್ಯೆಗೂ ಚೌಕಟ್ಟಿನ ಸಂಖ್ಯೆಗೂ ತಾಳೆಯಿಲ್ಲ, ಇದು ಬೆರಕೆ ಮಾಲು ಎಂದು ಅರ್ಧ ಬೆಲೆ ಕಟ್ಟಿ ಹೋದನಂತೆ. “ನಮ್ಮಜ್ಜ ಮೋಸ ಹೋಗಿದ್ನೇನ್ರೀ, ಸರ?” ಎಂದು ಗೆಳೆಯರು ನೊಂದು ಕೇಳಿದರು.

ಪಾಠಾಂತರಗಳೊಡನೆ ಹೆಣಗಿ ಪಳಗಿದ ನನಗೆ ಆ ತೀರ್ಪು ಅವಸರದ್ದೆನಿಸಿತು. ವಿಚಾರಿಸಿ ನೋಡಿದರೆ, ಸೈನ್ಯಕ್ಕಾಗಿ ತಯಾರಾದ ಎಂ.೨೦ಗಳಲ್ಲಿ ಈ ಎರಡು ಸಂಖ್ಯೆಗಳು ಕಾರ್ಖಾನೆಯಿಂದಲೇ ಬೇರೆಬೇರೆಯಾಗಿ ಹೊರಟವು. ತಾಳೆಯಾದರೆ, ಯಾರೋ ತಿದ್ದಿರಬೇಕೆಂದು ಶಂಕಿಸುವುದೇ ಯುಕ್ತ. ಪ್ರತಿಕಾರನು ಕಠಿಣಪಾಠವನ್ನು ಸುಲಭಗೊಳಿಸುವುದೇ ಹೆಚ್ಚು ಎಂಬ ಗ್ರಂಥಸಂಪಾದನೆಯ ಸೂತ್ರ ಇಲ್ಲಿಯೂ ಸಲ್ಲುತ್ತದೆ. ೧೯೪೨ರಲ್ಲಿ ಮಲಯವು ಜಪಾನರ ವಶವಾಗಿ ರಬ್ಬರು ದುರ್ಲಭವಾದಾಗ ಹಿಡಿಕೆಗಳಿಗೆ ಕ್ಯಾನ್ವಾಸು ಬಂದಿತು. ನಯವಾದ ರಬ್ಬರಿಗಿಂತ ಆ ಒರಟು ಬಟ್ಟೆಯೇ ಕೆಲವೊಮ್ಮೆ ಮೂಲ.

ಇಷ್ಟರಿಂದಲೇ ಎಲ್ಲ ಭಾಗಗಳೂ ಮೂಲವೆಂದು ಸಿದ್ಧವಾಗದು. ವಂಚನೆಯ ಆರೋಪ ಮಾತ್ರ ನಿಲ್ಲದು. ಬೀಜದ ಚೀಲ ಹೇರಲು ಅಜ್ಜ ಬೆಸುಗೆ ಹಾಕಿಸಿದ ಅಗಲವಾದ ಕ್ಯಾರಿಯರಂತೂ ನಿಸ್ಸಂದೇಹವಾಗಿ ಪ್ರಕ್ಷಿಪ್ತ.

“ಹಂಗಾರ ಕಿತ್ತಬಿಡ್ಲೇನ್ರೀ?”

ಬೇಡವೆಂದೆ. ಪ್ರಕ್ಷಿಪ್ತವನ್ನು ಗುರುತಿಸುವುದು ಬೇರೆ, ಅಳಿಸುವುದು ಬೇರೆ. ಸೈನ್ಯದ ವಾಹನವೊಂದು ಎರೆಹೊಲದ ಒಕ್ಕಲುತನಕ್ಕೆ ಒಗ್ಗಿದ ಕಥೆಗೆ ಆ ಕ್ಯಾರಿಯರೇ ಮೂಲಪಾಠ.