ಬಲವು ಮೊದಲು ನರಗಳಲ್ಲಿ, ಅನಂತರ ಸ್ನಾಯುಗಳಲ್ಲಿ



ಯಾಂತ್ರಿಕ ದೋಣಿಗಳು ಬರುವ ಮುನ್ನ ಕಾರವಾರ, ಅಂಕೋಲಾ ತೀರಗಳಲ್ಲಿ ಹತ್ತಾರು ಜನರು ದಡದಲ್ಲಿ ನಿಂತು ರಂಪಣಿ ಬಲೆಯನ್ನು ಒಂದೇ ಲಯದಲ್ಲಿ ಎಳೆಯುತ್ತಿದ್ದರು. ಭತ್ತದ ಹೊರೆ, ಸೊಪ್ಪಿನ ಹೊರೆಗಳು ತಲೆಯ ಮೇಲೆಯೇ ಮನೆ ಸೇರುತ್ತಿದ್ದವು. ಘಟ್ಟದ ಮೇಲಿನ ಊರುಗಳಲ್ಲಿ ಗರಡಿಮನೆಯು ದಂಡ, ಬಸ್ಕಿ, ಗದೆಗಳಿಂದ ಸಾಧಿಸುತ್ತಿದ್ದುದನ್ನು ಇಲ್ಲಿ ನಿತ್ಯದ ಕಾಯಕವೇ ಸಾಧಿಸುತ್ತಿತ್ತು. ಇಂದು ಆ ಶ್ರಮ ಬಹುಮಟ್ಟಿಗೆ ಯಂತ್ರಗಳ ಪಾಲಾಗಿದೆ. ನೆಲದ ಮೇಲೆ ಕುಳಿತವರು ಆಸರೆಯಿಲ್ಲದೆ ಏಳಲಾರದಾದಾಗ ‘ವಯಸ್ಸಾಯಿತು’ ಎಂದು ಸುಮ್ಮನಾಗುತ್ತೇವೆ. ಅದು ಪೂರ್ಣ ಸತ್ಯವಲ್ಲ.

ಬೆನ್ನುಹುರಿಯಿಂದ ಹೊರಡುವ ಪ್ರತಿಯೊಂದು ಚಾಲಕ ನರವೂ ಸ್ನಾಯುವಿನ ಹಲವು ಎಳೆಗಳನ್ನು ದುಡಿಸುತ್ತದೆ. ಅಭ್ಯಾಸವಿಲ್ಲದವರು ಭಾರ ಎತ್ತುವಾಗ ಈ ಗುಂಪುಗಳೆಲ್ಲವೂ ಒಟ್ಟಾಗಿ ದುಡಿಯುವುದಿಲ್ಲ. ಎದುರು ದಿಕ್ಕಿನ ಸ್ನಾಯುಗಳೂ ಬಿಗಿದು ಅಡ್ಡಿಯಾಗುತ್ತವೆ. ಸಾಧನೆಯ ಮೊದಲ ವಾರಗಳಲ್ಲಿ ಹೆಚ್ಚುವ ಬಲವು ಬಹುಪಾಲು ನರಮಂಡಲದ ಕಲಿಕೆಯ ಫಲ. ಒಂದು ಕೈಗೆ ಮಾತ್ರ ಸಾಧನೆ ಮಾಡಿಸಿದರೂ ಇನ್ನೊಂದು ಕೈಯ ಬಲ ತುಸು ಹೆಚ್ಚುವುದೇ ಇದಕ್ಕೆ ಸಾಕ್ಷಿ. ತಿಂಗಳುಗಳು ಕಳೆದಂತೆ ಸ್ನಾಯುವಿನ ಎಳೆಗಳು ದಪ್ಪವಾಗುತ್ತವೆ, ಎಲುಬುಗಳೂ ಗಟ್ಟಿಯಾಗುತ್ತವೆ.

ಮುಪ್ಪಿನಲ್ಲಿ ಚಾಲಕ ನರಗಳು ಕ್ಷೀಣಿಸುತ್ತವೆ, ವೇಗವಾಗಿ ಸಂಕುಚಿಸುವ ಎಳೆಗಳು ಹೆಚ್ಚಾಗಿ ಸೊರಗುತ್ತವೆ. ಎಡವಿದಾಗ ಥಟ್ಟನೆ ಕಾಲೂರಿ ಸಾವರಿಸಿಕೊಳ್ಳಲು ಬೇಕಾದ ಎಳೆಗಳೇ ಅವು. ಆದರೂ ಕಲಿಯುವ ಶಕ್ತಿ ಉಳಿದಿರುತ್ತದೆ. ಅಮೆರಿಕದ ಬೋಸ್ಟನ್ನಿನಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೊಂಬತ್ತರ ಆಸುಪಾಸಿನ 9 ಹಿರಿಯರು 8 ವಾರಗಳ ಭಾರಸಾಧನೆಯನ್ನು ಪೂರೈಸಿದರು. ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು, ತೊಡೆಯ ಸ್ನಾಯುವಿನ ಗಾತ್ರ ಹೆಚ್ಚಿದ್ದು ಸುಮಾರು ಶೇ. 9 ಮಾತ್ರ. ಈ ಅಂತರವನ್ನು ತುಂಬಿದ್ದು ಮುಖ್ಯವಾಗಿ ನರಗಳ ಕಲಿಕೆ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನು, 65 ದಾಟಿದವರಿಗೆ 3 ದಿನ ಸಮತೋಲನದ ಅಭ್ಯಾಸವನ್ನೂ ಸೂಚಿಸಿದೆ. ಇದಕ್ಕೆ ಜಿಮ್ ಬೇಕೆಂದಿಲ್ಲ. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯಿಟ್ಟು ದಂಡ ತೆಗೆಯುವುದು, ನೀರು ತುಂಬಿದ ಬಿಂದಿಗೆಯನ್ನು ಎತ್ತಿ ನಡೆಯುವುದು ಸಾಕು. ಸಲೀಸಾದಂತೆ ಭಾರವನ್ನು ತುಸುತುಸುವೇ ಹೆಚ್ಚಿಸಬೇಕು. ಉಸಿರು ಬಿಗಿಹಿಡಿಯಬಾರದು. ರಕ್ತದೊತ್ತಡ, ಹೃದ್ರೋಗ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಸಾಧನೆ ನಿಂತರೆ ಬಲವೂ ಕುಗ್ಗುತ್ತದೆ. ಆದುದರಿಂದ ನಮ್ಮ ಮನೆಯ ಹಿರಿಯರ ಕೈಯಿಂದ ಎಲ್ಲ ಕೆಲಸಗಳನ್ನೂ ಕಸಿದುಕೊಳ್ಳದಿರೋಣ. ಶಕ್ತ್ಯನುಸಾರ ದುಡಿಯಲು ಬಿಡುವುದೂ ಅವರ ಸೇವೆಯೇ.