ಸೂಕ್ಷ್ಮ ತ್ವಚೆಗೆ ಮಾಯಿಶ್ಚರೈಸರ್: ಪರಿಮಳ ಬೇಡ, ಪಟ್ಟಿ ಓದಿ

ಸುಬ್ರಹ್ಮಣ್ಯ: ಕುಮಾರಧಾರೆಯಲ್ಲಿ ಮಿಂದು ಕುಕ್ಕೆ ಸುಬ್ರಹ್ಮಣ್ಯನ ದರ್ಶನ ಮಾಡಿದರೆ ಚರ್ಮವ್ಯಾಧಿ ವಾಸಿಯಾಗುತ್ತದೆ ಎಂಬ ನಂಬಿಕೆ ನಾಡಿನ ಉದ್ದಗಲಕ್ಕೂ ಇದೆ. ಚರ್ಮದ ತೊಂದರೆಗೂ ನಾಗದೋಷಕ್ಕೂ ನಂಟು ಕಲ್ಪಿಸುವ ಭಕ್ತರು ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಸೇವೆಗಳಿಗಾಗಿ ಕಡಬ ತಾಲೂಕಿನ ಈ ಕ್ಷೇತ್ರಕ್ಕೆ ಬರುತ್ತಾರೆ; ಹುತ್ತದ ಮಣ್ಣನ್ನು ಮೃತ್ತಿಕಾ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಒಯ್ಯುತ್ತಾರೆ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಮುಖ ಉರಿಯುತ್ತದೆ, ಕೆಂಪಾಗುತ್ತದೆ, ಯಾವ ಕ್ರೀಮು ಹಚ್ಚಿದರೂ ಒಗ್ಗುವುದಿಲ್ಲ ಎಂದು ದೂರುವವರ ಪೈಕಿ ಅನೇಕರ ತೊಂದರೆಗೆ ಅವರು ಹಚ್ಚುತ್ತಿರುವ ಕ್ರೀಮೇ ಕಾರಣವಾಗಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಬೇಕಾಗುತ್ತದೆ.

ಸೂಕ್ಷ್ಮ ತ್ವಚೆ ಎಂಬುದು ಒಂದು ನಿರ್ದಿಷ್ಟ ರೋಗದ ಹೆಸರಲ್ಲ. ಸಾಮಾನ್ಯರಿಗೆ ಏನೂ ಅನ್ನಿಸದ ಬಿಸಿಲು, ಗಾಳಿ, ಸಾಬೂನು ಅಥವಾ ಕ್ರೀಮಿನಿಂದ ಉರಿ, ಚುಚ್ಚುವಿಕೆ, ತುರಿಕೆ, ಜುಮುಗುಡುವಿಕೆ ಉಂಟಾಗುವ ಸ್ಥಿತಿಗೆ ಈ ಹೆಸರಿದೆ. ಮೇಲ್ನೋಟಕ್ಕೆ ಚರ್ಮ ಸರಿಯಾಗಿಯೇ ಕಾಣಿಸಬಹುದು. ಚರ್ಮದ ಹೊರಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದುಂಟು. ಜೀವಕೋಶಗಳು ಇಟ್ಟಿಗೆಗಳಾದರೆ, ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು ಗಾರೆ. ಗಾರೆ ಉದುರಿದರೆ ಒಳಗಿನ ತೇವ ಆರುತ್ತದೆ, ಹೊರಗಿನ ಉದ್ರೇಕಕಾರಿ ವಸ್ತು ಒಳನುಗ್ಗುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ. ಪಿಎಚ್ 5ರ ಆಸುಪಾಸು. ಸಾಮಾನ್ಯ ಸ್ನಾನದ ಸಾಬೂನಿನ ಪಿಎಚ್ 9ರಿಂದ 10. ದಿನಕ್ಕೆ ನಾಲ್ಕು ಬಾರಿ ಸಾಬೂನು ಉಜ್ಜಿ ಮುಖ ತೊಳೆದು, ಬಳಿಕ ದುಬಾರಿ ಕ್ರೀಮು ಹುಡುಕುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ.

ಸುಬ್ರಹ್ಮಣ್ಯದ ಸುತ್ತಮುತ್ತಲಿನ ಅಡಿಕೆ ತೋಟಗಳಲ್ಲಿ ಈ ಗಾರೆ ಉದುರಲು ಇನ್ನೊಂದು ಕಾರಣವೂ ಇದೆ. ಕೊಳೆರೋಗ ತಡೆಯಲು ಮುಂಗಾರಿನ ಆರಂಭದಲ್ಲಿ, ಮತ್ತೆ ಸುಮಾರು 40ರಿಂದ 45 ದಿನಗಳ ಬಳಿಕ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಲಾಗುತ್ತದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ತೀವ್ರ ಕ್ಷಾರ. ಅದನ್ನು ನೀರಿಗೆ ಹಾಕಿ ಕದಡುವಾಗ ಧೂಳು ಹಾಗೂ ಹನಿ ಮುಖಕ್ಕೆ ಹಾರುತ್ತದೆ. ದೋಟಿ ಹಿಡಿದು ನೆಲದಲ್ಲೇ ನಿಂತು ಸಿಂಪಡಿಸುವವರು ಮುಖ ಮೇಲೆತ್ತಿಯೇ ಇರಬೇಕಾದ್ದರಿಂದ ಗೊನೆಗೆ ತಾಗಿದ ದ್ರಾವಣ ನೇರ ಹಣೆ, ಕೆನ್ನೆಯ ಮೇಲೆ ತೊಟ್ಟಿಕ್ಕುತ್ತದೆ. ಇಂಥವರು ಮುಖಕ್ಕೆ ಕವಚ ಧರಿಸಿ ಕೆಲಸ ಮಾಡುವುದು, ತಾಗಿದ ಕೂಡಲೇ ಧಾರಾಳ ನೀರಿನಲ್ಲಿ ತೊಳೆಯುವುದು ಮೊದಲ ಕೆಲಸ. ಮಾಯಿಶ್ಚರೈಸರ್ ಆಮೇಲಿನ ಮಾತು. ಅದು ಕವಚದ ಬದಲಿಯಲ್ಲ.

ಘಮಘಮವೇ ಮುಳುವು

ಶ್ರೀಗಂಧದ ನಾಡಿನವರಿಗೆ ಪರಿಮಳವಿಲ್ಲದ ಕ್ರೀಮು ಕ್ರೀಮೇ ಅಲ್ಲ ಎನ್ನಿಸುವುದು ಸಹಜ. ಅಂಗಡಿಯಲ್ಲಿ ಮುಚ್ಚಳ ತೆರೆದು ಮೂಸಿ ನೋಡಿದ ಮೇಲೆಯೇ ಖರೀದಿ ನಿರ್ಧಾರ. ಸೂಕ್ಷ್ಮ ತ್ವಚೆಯವರು ಬಿಡಬೇಕಾದ ಅಭ್ಯಾಸ ಇದೇ. ಪ್ರಸಾಧನ ವಸ್ತುಗಳಿಂದ ಬರುವ ಅಲರ್ಜಿಗೆ ಬಹುಮುಖ್ಯ ಕಾರಣಗಳು ಎರಡು: ಸುಗಂಧ ದ್ರವ್ಯ ಮತ್ತು ಕೆಡದಂತೆ ಇಡುವ ಸಂರಕ್ಷಕ. ಲವಂಗ, ದಾಲ್ಚಿನ್ನಿ, ಟೀ ಟ್ರೀ, ಲ್ಯಾವೆಂಡರ್ ತೈಲಗಳು ಗಿಡದಿಂದ ಬಂದವು ಎಂದ ಮಾತ್ರಕ್ಕೆ ನಿರುಪದ್ರವಿಗಳಲ್ಲ. ಮಿಥೈಲ್‌ಐಸೋಥಯಾಜೋಲಿನೋನ್ ಎಂಬ ಸಂರಕ್ಷಕದಿಂದ ಅಲರ್ಜಿ ಪ್ರಕರಣಗಳು ಏರಿದ ಕಾರಣ, ತೊಳೆಯದೆ ಮೈಮೇಲೆ ಉಳಿಸಿಕೊಳ್ಳುವ ಕ್ರೀಮುಗಳಲ್ಲಿ ಅದರ ಬಳಕೆಯನ್ನು ಐರೋಪ್ಯ ಒಕ್ಕೂಟ 2017ರಲ್ಲಿ ನಿಷೇಧಿಸಿತು.

ಡಬ್ಬದ ಮುಂಭಾಗದ ದೊಡ್ಡ ಅಕ್ಷರಗಳಿಗಿಂತ ಹಿಂಭಾಗದ ಇರುವೆ ಸಾಲಿನಂಥ ಅಕ್ಷರಗಳೇ ಹೆಚ್ಚು ಹೇಳುತ್ತವೆ. ‘ಹೈಪೋಅಲರ್ಜೆನಿಕ್’ ಎಂಬ ಪದಕ್ಕೆ ಮಾನದಂಡ ಗೊತ್ತುಪಡಿಸಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1975ರಲ್ಲಿ ನಿಯಮ ರೂಪಿಸಿತ್ತು. ಪ್ರಸಾಧನ ಕಂಪನಿಗಳು ಅದನ್ನು ಪ್ರಶ್ನಿಸಿದವು. 1977ರಲ್ಲಿ ನ್ಯಾಯಾಲಯ ನಿಯಮವನ್ನು ರದ್ದುಪಡಿಸಿತು. ಅಂದಿನಿಂದ ಅಲ್ಲಿ ಆ ಪದಕ್ಕೆ ತಯಾರಕರು ಹೇಳಿದ್ದೇ ಅರ್ಥ. ‘ಅನ್‌ಸೆಂಟೆಡ್’ ಎಂದಿದ್ದರೂ ಮೂಲ ವಾಸನೆ ಮರೆಮಾಚಲು ಸುಗಂಧ ಬೆರೆಸಿರಬಹುದು. ‘ಫ್ರೇಗ್ರೆನ್ಸ್ ಫ್ರೀ’ ಎಂದಿರುವುದನ್ನು ಆರಿಸಿ, ಪದಾರ್ಥಗಳ ಪಟ್ಟಿಯಲ್ಲಿ ‘ಫ್ರೇಗ್ರೆನ್ಸ್’, ‘ಪರ್ಫ್ಯೂಮ್’, ‘ಪರ್ಫಮ್’ ಎಂಬ ಪದಗಳು ಇಲ್ಲವೆಂದು ಖಾತ್ರಿಪಡಿಸಿಕೊಳ್ಳುವುದು ಒಳಿತು.

ಭಾರತದ 2020ರ ಪ್ರಸಾಧನ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ಮುದ್ರಿಸಬೇಕು. ಆದರೆ ತೀರಾ ಸಣ್ಣ ಪ್ಯಾಕುಗಳಿಗೆ ವಿನಾಯಿತಿ ಇದೆ. ಪರೀಕ್ಷಿಸಿ ನೋಡೋಣವೆಂದು ಚಿಕ್ಕ ಟ್ಯೂಬು ಕೊಳ್ಳುವ ಜಾಣರಿಗೆ ಪಟ್ಟಿಯೇ ಸಿಗದಿರುವ ವಿಪರ್ಯಾಸ ಹೀಗೆ ಉಂಟಾಗುತ್ತದೆ. ಅಂಥ ಸಂದರ್ಭದಲ್ಲಿ ಅದೇ ಕ್ರೀಮಿನ ದೊಡ್ಡ ಪ್ಯಾಕಿನ ಪಟ್ಟಿಯನ್ನು ಅಂಗಡಿಯಲ್ಲೇ ಕೇಳಿ ಓದಬಹುದು. ಪಟ್ಟಿ ಚಿಕ್ಕದಿದ್ದಷ್ಟೂ ತೊಂದರೆ ಬಂದರೆ ಕಾರಣ ಪತ್ತೆ ಸುಲಭ.

ಊರಿಗೊಂದು ಹವೆ

ಮಾಯಿಶ್ಚರೈಸರ್‌ನ ಕೆಲಸ ಮೂರು ಬಗೆ. ಗ್ಲಿಸರಿನ್, ಹಯಲುರಾನಿಕ್ ಆಮ್ಲ ನೀರನ್ನು ಹಿಡಿದಿಡುತ್ತವೆ. ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್ ಮೇಲೆ ಪೊರೆಯಂತೆ ಕುಳಿತು ತೇವ ಆರದಂತೆ ತಡೆಯುತ್ತವೆ. ಸೆರಮೈಡ್ ಹಾಗೂ ಜಿಡ್ಡಿನಂಶಗಳು ಬಿರುಕು ತುಂಬುತ್ತವೆ. ಘಟ್ಟದ ಬುಡದಲ್ಲಿರುವ ಸುಬ್ರಹ್ಮಣ್ಯದಲ್ಲಿ ಮಳೆಗಾಲವೆಂದರೆ ಒಗೆದ ಬಟ್ಟೆ ವಾರವಾದರೂ ಒಣಗದ ಕಾಲ. ಇಲ್ಲಿ ದಪ್ಪ ಕ್ರೀಮು ಬಳಿದರೆ ಬೆವರಿನೊಂದಿಗೆ ಸೇರಿ ಗುಳ್ಳೆ ಏಳಬಹುದು. ಗ್ಲಿಸರಿನ್ ಇರುವ ತೆಳು ಲೋಷನ್ ಸಾಕಾಗುತ್ತದೆ. ಅದೇ ಲೋಷನ್ ಚಳಿಗಾಲದ ಬೆಂಗಳೂರಿನಲ್ಲಿ ಅಥವಾ ಕಲಬುರಗಿ, ರಾಯಚೂರಿನ ಒಣಹವೆಯಲ್ಲಿ ಸಾಲದು. ಅಲ್ಲಿ ಸೆರಮೈಡ್ ಇರುವ ಗಟ್ಟಿ ಕ್ರೀಮು ಬೇಕು. ಚಂಪಾಷಷ್ಠಿ ಜಾತ್ರೆಗೆಂದು ಬಯಲುಸೀಮೆಯಿಂದ ಬರುವವರು ಊರಿನಲ್ಲಿ ಹಚ್ಚಿದಷ್ಟೇ ಇಲ್ಲಿಯೂ ಹಚ್ಚಬೇಕೆಂದಿಲ್ಲ. ಎಲ್ಲಿಯೇ ಆದರೂ ಮುಖ ತೊಳೆದು ಒತ್ತಿ ಒರೆಸಿ, ತೇವ ಆರುವ ಮುನ್ನವೇ ಹಚ್ಚಿದರೆ ಪ್ರಯೋಜನ ಹೆಚ್ಚು. ಕಾಲಿನ ಒರಟು ಚರ್ಮಕ್ಕೆ ಒಳ್ಳೆಯದಾದ ಯೂರಿಯಾ ಕ್ರೀಮು ಸೂಕ್ಷ್ಮ ಮುಖಕ್ಕೆ ಉರಿ ತರಬಲ್ಲದು.

ಮನೆಮದ್ದಿನ ಬಗ್ಗೆಯೂ ಇದೇ ಎಚ್ಚರ ಬೇಕು. ಮುರುಗಲು, ಅಂದರೆ ಪುನರ್ಪುಳಿಯ ಬೀಜದಿಂದ ತೆಗೆಯುವ ತುಪ್ಪವನ್ನು ಪಶ್ಚಿಮ ಘಟ್ಟದ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ರೂಢಿ ಹಳೆಯದು. ಈಗ ಅದು ‘ಕೋಕಂ ಬಟರ್’ ಎಂಬ ಹೆಸರಿನಲ್ಲಿ ಪ್ರಸಾಧನ ಉದ್ಯಮಕ್ಕೂ ಹೋಗುತ್ತದೆ. ಹಿಮ್ಮಡಿಗೆ ಹಿತವಾದದ್ದು ಎಣ್ಣೆಚರ್ಮದ ಮುಖಕ್ಕೆ ಭಾರವಾಗಬಹುದು. ಕೊಬ್ಬರಿ ಎಣ್ಣೆ ಒಣಚರ್ಮಕ್ಕೆ ಒಗ್ಗಿದರೂ ಮೊಡವೆ ಇರುವವರಿಗೆ ಸಲ್ಲದು. ನಿಂಬೆರಸವನ್ನಂತೂ ಮುಖಕ್ಕೆ ಹಚ್ಚಲೇಬಾರದು. ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಕಲೆ ಬೀಳುತ್ತದೆ. ಅರಸಿನಕ್ಕೂ ಅಲರ್ಜಿ ಆಗುವವರಿದ್ದಾರೆ.

ಹೊಸ ಕ್ರೀಮನ್ನು ಒಮ್ಮೆಲೇ ಮುಖಕ್ಕೆ ಹಚ್ಚದೆ, ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಗಲ ಜಾಗಕ್ಕೆ ದಿನಕ್ಕೆರಡು ಬಾರಿ 7ರಿಂದ 10 ದಿನ ಹಚ್ಚಿ ನೋಡಬೇಕು. ಅಲರ್ಜಿ ಎಂಬುದು ಹಚ್ಚಿದ ಕೂಡಲೇ ಕಾಣಿಸಬೇಕೆಂದಿಲ್ಲ. ಆಸ್ಪತ್ರೆಗಳಲ್ಲಿ ಮಾಡುವ ಪ್ಯಾಚ್ ಪರೀಕ್ಷೆಯಲ್ಲೂ ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು 48 ಗಂಟೆಗಳ ಬಳಿಕ ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಲಾಗುತ್ತದೆ.

ಕ್ರೀಮಲ್ಲ, ಔಷಧ

ಇಷ್ಟೆಲ್ಲದರ ನಡುವೆ ನಿಜವಾದ ಅಪಾಯ ಇರುವುದು ಬೇರೆಡೆ. ಮುಖ ಕೆಂಪಾಗಿದೆ ಎಂದೊಡನೆ ನೆರೆಯವರು ಹೇಳಿದ, ಚೀಟಿ ಇಲ್ಲದೆ ತಂದ ಟ್ಯೂಬೊಂದನ್ನು ಹಚ್ಚಲಾಗುತ್ತದೆ. ಎರಡೇ ದಿನಗಳಲ್ಲಿ ಉರಿ ಮಾಯ, ಮುಖ ಬೆಳ್ಳಗೆ, ನುಣುಪು. ಟ್ಯೂಬಿನಲ್ಲಿರುವುದು ಬೀಟಾಮೆಥಾಸೋನ್, ಮೊಮೆಟಾಸೋನ್ ಅಥವಾ ಕ್ಲೋಬೆಟಾಸಾಲ್‌ನಂಥ ಸ್ಟೀರಾಯ್ಡ್. ತಿಂಗಳುಗಟ್ಟಲೆ ಬಳಸಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣಿಸತೊಡಗುತ್ತವೆ, ಮೊಡವೆ, ಅನಗತ್ಯ ರೋಮ ಮೂಡುತ್ತವೆ. ನಿಲ್ಲಿಸಿದೊಡನೆ ಮುಖ ಬೆಂಕಿ ಬಿದ್ದಂತೆ ಉರಿಯುವುದರಿಂದ ಮತ್ತೆ ಅದೇ ಟ್ಯೂಬಿಗೆ ಕೈಚಾಚಬೇಕಾಗುತ್ತದೆ. ತಮ್ಮದು ಹುಟ್ಟಾ ಸೂಕ್ಷ್ಮ ತ್ವಚೆ ಎಂದು ಭಾವಿಸಿದವರಲ್ಲಿ ಕೆಲವರ ತ್ವಚೆಯನ್ನು ಸೂಕ್ಷ್ಮವಾಗಿಸಿದ್ದೇ ಇಂಥ ಟ್ಯೂಬು. ಚರ್ಮರೋಗ ತಜ್ಞರ ಒತ್ತಾಯದ ಹಿನ್ನೆಲೆಯಲ್ಲಿ ಕೇಂದ್ರ ಸರಕಾರ 2018ರಲ್ಲಿ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ‘ಶೆಡ್ಯೂಲ್ ಎಚ್’ಗೆ ಸೇರಿಸಿತು.

ಬಿಳುಪಿನ ಭರವಸೆ ನೀಡುವ, ತಯಾರಕರ ವಿಳಾಸವಿಲ್ಲದ ಕ್ರೀಮುಗಳಲ್ಲಿ ಪಾದರಸ ಇರುವ ಭಯವೂ ಇದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಬಳಸಿದವರ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳನ್ನು ವೈದ್ಯರು 2023ರಲ್ಲಿ ಬೆಳಕಿಗೆ ತಂದಿದ್ದರು.

ದೀರ್ಘಕಾಲ ಸ್ಟೀರಾಯ್ಡ್ ಹಚ್ಚಿದವರು ಗಾಬರಿಗೊಂಡು ತಾವಾಗಿಯೇ ಹೊಸ ಮಾಯಿಶ್ಚರೈಸರ್ ಪ್ರಯೋಗ ಮಾಡುವ ಬದಲು ಚರ್ಮರೋಗ ತಜ್ಞರನ್ನು ಕಾಣಬೇಕು. ಸುಳ್ಯ ಹಾಗೂ ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಈ ವಿಭಾಗಗಳಿವೆ. ಹೋಗುವಾಗ ಮುಖಕ್ಕೆ ಹಚ್ಚಿದ ಎಲ್ಲ ಟ್ಯೂಬು, ಡಬ್ಬಗಳನ್ನು, ಖಾಲಿಯಾದವನ್ನೂ ಸೇರಿಸಿ, ರಟ್ಟಿನ ಪೊಟ್ಟಣ ಸಹಿತ ಒಯ್ಯುವುದು ಉತ್ತಮ. ಕ್ರೀಮಿನ ಬಣ್ಣ ಹೇಳಿದರೆ ವೈದ್ಯರಿಗೆ ಏನೂ ತಿಳಿಯದು. ಪೊಟ್ಟಣದ ಮೇಲಿನ ಹೆಸರು ಓದಿದರೆ ತಿಳಿಯುತ್ತದೆ.